ನರ್ಸಿಂಗ್ ನಿರ್ದೇಶಕಿಯ ಮೊದಲ ತಿಂಗಳುಗಳು

ಪ್ರಶ್ನೆ: ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಅಲ್ಲಿನ ನರ್ಸ್ ಪರವಾನಗಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿ ಅಮೆರಿಕಕ್ಕೆ ಬಂದು ಹನ್ನೊಂದು ವರ್ಷವಾಯಿತು. ಕಳೆದ ತಿಂಗಳು 92 ಹಾಸಿಗೆಗಳ ವೃದ್ಧರ ಆರೈಕೆ ಕೇಂದ್ರವೊಂದಕ್ಕೆ ಡೈರೆಕ್ಟರ್ ಆಫ್ ನರ್ಸಿಂಗ್ ಆಗಿ ಸೇರಿದ್ದೇನೆ. ನನಗಿಂತ ಮೊದಲಿದ್ದವರು ಒಂದು ಬೀಗದ ಕೈಗೊಂಚಲು, ನಾಲ್ಕು ಫೈಲು ಬಿಟ್ಟು ಹೋಗಿದ್ದಾರೆ. ರಾತ್ರಿ ನರ್ಸ್ ಯಾರಾದರೂ ಬಾರದಿದ್ದರೆ ನಾನೇ ಹೋಗಿ ಪಾಳಿ ನಡೆಸಿ, ಔಷಧಿ ಗಾಡಿ ತಳ್ಳಿ, ಬೆಳಿಗ್ಗೆ ಮತ್ತೆ ಕಚೇರಿಯಲ್ಲಿ ಕೂರುತ್ತಿದ್ದೇನೆ. ಕೆಲಸವನ್ನು ಎಲ್ಲಿಂದ ಹಿಡಿಯಬೇಕೆಂದೇ ತಿಳಿಯುತ್ತಿಲ್ಲ.
— ಓದುಗರು, ಓಹಿಯೋ

ಉತ್ತರ: ಊರಿನ ಓದುಗರಿಗಾಗಿ ಮೊದಲು ಒಂದು ಮಾತು. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆ, ಸಣ್ಣಪುಟ್ಟ ಆಪರೇಷನ್ ನಡೆಯುವ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರು, ಎದ್ದು ಓಡಾಡಲಾಗದವರಿಗೆ, ಮರೆವು ಕವಿದವರಿಗೆ, ಅನೇಕರ ಪಾಲಿಗೆ ಕೊನೆಯ ಮನೆಯೇ ಆದ ಜಾಗಕ್ಕೆ ಸಲ್ಲುತ್ತದೆ. ಅಲ್ಲಿ ವೈದ್ಯರು ದಿನವೂ ಇರುವುದಿಲ್ಲ. ಮೊದಲ 90 ದಿನಗಳಲ್ಲಿ 30 ದಿನಕ್ಕೊಮ್ಮೆ, ಆಮೇಲೆ 60 ದಿನಕ್ಕೊಮ್ಮೆಯಾದರೂ ಬಂದು ನೋಡಬೇಕೆಂಬುದಷ್ಟೇ ನಿಯಮ. ಉಳಿದ ಅಷ್ಟೂ ಹಗಲು ರಾತ್ರಿ ಅವರನ್ನು ಕಾಯುವವರು ನರ್ಸ್‌ಗಳು ಮತ್ತು ಸಹಾಯಕಿಯರು. ನಿಮ್ಮ ಹುದ್ದೆಯ ತೂಕ ಇರುವುದು ಅಲ್ಲಿ.

ಆದ್ದರಿಂದ ಆ ಔಷಧಿ ಗಾಡಿಯಿಂದಲೇ ಆರಂಭಿಸುತ್ತೇನೆ. 1987ರ ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆಯಿಂದ ಬಂದ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ನಿಯಮಗಳ ಪ್ರಕಾರ ಪ್ರತಿ ಕೇಂದ್ರದಲ್ಲೂ ನೋಂದಾಯಿತ ನರ್ಸ್ ಒಬ್ಬರು ಪೂರ್ಣಾವಧಿಯ ನಿರ್ದೇಶಕರಾಗಿರಬೇಕು. ವಾರದ ಏಳೂ ದಿನ, ದಿನಕ್ಕೆ ಸತತ 8 ಗಂಟೆಯಾದರೂ ನೋಂದಾಯಿತ ನರ್ಸ್ ಇರಬೇಕು. ಪರವಾನಗಿ ಪಡೆದ ನರ್ಸ್ (ನೋಂದಾಯಿತ ನರ್ಸ್ ಅಥವಾ ಅವರಿಗಿಂತ ಕಡಿಮೆ ಓದಿನ ಪ್ರಾಕ್ಟಿಕಲ್ ನರ್ಸ್) 24 ಗಂಟೆಯೂ ಇರಬೇಕು. ದಿನದ ಸರಾಸರಿ ನಿವಾಸಿಗಳ ಸಂಖ್ಯೆ 60 ಅಥವಾ ಅದಕ್ಕಿಂತ ಕಡಿಮೆ ಇರುವಲ್ಲಿ ಮಾತ್ರ ನಿರ್ದೇಶಕರು ಪಾಳಿಯ ಚಾರ್ಜ್ ನರ್ಸ್ ಆಗಬಹುದು. ನಿಮ್ಮ ಕೇಂದ್ರದಲ್ಲಿ ಆ ಸಂಖ್ಯೆ 60 ಮೀರಿದ್ದರೆ ನೀವು ರಾತ್ರಿ ಪಾಳಿಯ ಹೊಣೆ ಹೊರುವಂತಿಲ್ಲ. ಯಾವ ರಾತ್ರಿ, ಯಾರು ಬರಲಿಲ್ಲ, ಯಾರು ನಿಂತರು ಎಂಬುದನ್ನು ದಿನಾಂಕ ಸಹಿತ ಬರೆದು ಆಡಳಿತಾಧಿಕಾರಿಗೆ ಇಂದೇ ಕೊಡಿ. ಬಾಯಿಮಾತಿನಲ್ಲಿ ಹೇಳಿದರೆ ಅದು ನಿಮ್ಮ ದಣಿವಿನ ದೂರು ಎನಿಸಿಕೊಳ್ಳುತ್ತದೆ. ಬರೆದು ಕೊಟ್ಟರೆ ಕೇಂದ್ರದ ಕೊರತೆಯಾಗಿ ದಾಖಲಾಗುತ್ತದೆ.

ರಾತ್ರಿ ಹೋಗುವುದನ್ನು ಮಾತ್ರ ಬಿಡಬೇಡಿ. ಪಾಳಿ ನಡೆಸಲು ಅಲ್ಲ, ನೋಡಲು ಹೋಗಿ. ನಾನು ಈ ಹುದ್ದೆಗೆ ಬಂದ ಮೊದಲ ತಿಂಗಳು ಕಚೇರಿಯಲ್ಲೇ ಕುಳಿತು ಕಾಗದ ನೋಡಿದೆ. ಮಲಗಿದಲ್ಲೇ ಒತ್ತಡದ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದನ್ನು ಗುರುತಿಸುವ ಹಾಳೆಗಳಲ್ಲಿ ಒಂದು ಮನೆಯೂ ಖಾಲಿ ಇರಲಿಲ್ಲ. ಎಲ್ಲವೂ ಸರಿಯಿದೆಯೆಂದು ನಂಬಿದೆ. ಒಂದು ರಾತ್ರಿ ಮೂರು ಗಂಟೆಗೆ ಯಾರಿಗೂ ತಿಳಿಸದೆ ಹೋದಾಗ, ಬೆಳಗಿನ ಆರು ಗಂಟೆಯ ಮನೆಯಲ್ಲೂ ಆಗಲೇ ಸಹಿ ಬಿದ್ದಿತ್ತು. ಸೊಂಟ ಮುರಿದು ಬಂದಿದ್ದ ಅಜ್ಜಿಯೊಬ್ಬರ ಕಾಲುಚೀಲ ತೆಗೆದೆ. ಹಿಮ್ಮಡಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ, ಬೆರಳಿಟ್ಟರೆ ಕಲಸಿದ ಹಿಟ್ಟಿನಂತೆ ಮೆತ್ತಗಿತ್ತು. ಸಹಿ ಹಾಕಿದ್ದ ಸಹಾಯಕಿಯನ್ನು ಕೂರಿಸಿ ಕೇಳಿದೆ. ಆ ರಾತ್ರಿ ಆಕೆಯ ಪಾಲಿಗೆ 24 ಮಂದಿ ಇದ್ದರು. ಅವರಲ್ಲಿ ಒಂಬತ್ತು ಮಂದಿಯನ್ನು ಇಬ್ಬರು ಸೇರಿಯೇ ಹೊರಳಿಸಬೇಕಿತ್ತು, ಆದರೆ ಎರಡನೆಯವರೇ ಇರಲಿಲ್ಲ. ಸುಳ್ಳು ಸಹಿ ತಪ್ಪೇ, ಅದನ್ನು ಆಕೆಗೆ ಹೇಳಿದೆ. ಆದರೆ ಆ ಸುಳ್ಳನ್ನು ಬರೆಸಿದ್ದು ನಾನು ಒಪ್ಪಿ ಸಹಿ ಮಾಡಿದ್ದ ಪಾಳಿ ಪಟ್ಟಿ. ಮರುದಿನವೇ ಆ ಪಟ್ಟಿ ಬದಲಾಯಿತು. ದಿಂಬನ್ನು ಹಿಮ್ಮಡಿಯ ಕೆಳಗಲ್ಲ, ಮೀನಖಂಡದ ಕೆಳಗಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿ ಹಿಡಿಯುವುದನ್ನು ಒಬ್ಬೊಬ್ಬರ ಹಾಸಿಗೆಯ ಬಳಿ ನಿಂತು ತೋರಿಸಿಕೊಟ್ಟೆ. ಆ ಅಜ್ಜಿಯ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಹೀಗಾಗಿ ಮೊದಲ ಮೂರು ತಿಂಗಳು ವಾರಕ್ಕೊಂದು ರಾತ್ರಿ, ತಿಂಗಳಿಗೊಂದು ಭಾನುವಾರ ನೀವು ವಾರ್ಡಿನಲ್ಲಿ ಇರಿ. ಸಹಾಯಕಿಯರ ಜೊತೆ ಮಾತಾಡಿ. ಫೆಡರಲ್ ನಿಯಮ ಅವರಿಗೆ ಕಡ್ಡಾಯ ಮಾಡಿರುವ ತರಬೇತಿ 75 ಗಂಟೆ ಮಾತ್ರ. ಆದರೂ ಯಾರ ತಟ್ಟೆಯಲ್ಲಿ ಅರ್ಧ ಊಟ ಉಳಿಯಿತು, ಯಾರು ನಿನ್ನೆಯಿಂದ ಮಂಕಾಗಿದ್ದಾರೆ ಎಂಬುದು ಮೊದಲು ಗೊತ್ತಾಗುವುದು ಅವರಿಗೇ. ಮಂಕುತನ ಎಷ್ಟೋ ಸಲ ಸೋಂಕಿನ ಮೊದಲ ಸುಳಿವು. ಬೆಳಗಿನ ಸಭೆಯಲ್ಲಿ ಅವರಲ್ಲೊಬ್ಬರನ್ನು ಕೂರಿಸಿ, ಅವರ ಮಾತನ್ನೇ ಮೊದಲು ಕೇಳಿ. ಸಾಧ್ಯವಾದಷ್ಟೂ ಅದೇ ನಿವಾಸಿಗಳಿಗೆ ಅದೇ ಸಹಾಯಕಿಯರನ್ನು ಕೊಡಿ. ಮರೆವಿನವರಿಗೆ ಪರಿಚಿತ ಕೈ ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ಸ್ನಾನದ ಹೊತ್ತಿನಲ್ಲಿ ನೀವೇ ಕಾಣುವಿರಿ.

ಗಡುವುಗಳನ್ನು ಬರೆದು ಮೇಜಿನ ಎದುರು ಅಂಟಿಸಿಕೊಳ್ಳಿ: ದಾಖಲಾದ 48 ಗಂಟೆಯೊಳಗೆ ಆರಂಭಿಕ ಆರೈಕೆ ಯೋಜನೆ, 14 ದಿನದೊಳಗೆ ಸಮಗ್ರ ಮೌಲ್ಯಮಾಪನ, ಅದು ಮುಗಿದ 7 ದಿನದೊಳಗೆ ಪೂರ್ಣ ಯೋಜನೆ. ಇವುಗಳಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ನಿವಾಸಿಯ ಮೇಲೆ ದೌರ್ಜನ್ಯ ನಡೆದಿದೆಯೆಂಬ ಆರೋಪ ಬಂದರೆ 2 ಗಂಟೆಯೊಳಗೆ ರಾಜ್ಯದ ಅಧಿಕಾರಿಗಳಿಗೆ ವರದಿ ಹೋಗಬೇಕು. ಮೊದಲು ನಾವೇ ವಿಚಾರಿಸಿ ನೋಡೋಣ ಎನ್ನುವವರು ನಿಮ್ಮ ಸುತ್ತ ಖಂಡಿತ ಇರುತ್ತಾರೆ. ಅವರ ಮಾತಿಗೆ ಒಪ್ಪಬೇಡಿ. ಆರೋಪಕ್ಕೆ ಒಳಗಾದವರನ್ನು ನಿವಾಸಿಯಿಂದ ದೂರವಿರಿಸಿ, ವರದಿ ಕಳಿಸಿ, ವಿಚಾರಣೆಯನ್ನು ಆಮೇಲೆ ನಡೆಸಿ.

ಪ್ರಶ್ನೆ: ನಾನೂ ಇದೇ ಹುದ್ದೆಗೆ ಹೊಸಬಳು. ರಾಜ್ಯದ ತಪಾಸಣಾ ತಂಡ ಯಾವ ದಿನ ಬಂದೀತೋ ಎಂಬ ಭಯದಲ್ಲಿ ನಿದ್ದೆ ಬರುತ್ತಿಲ್ಲ. ಹೇಗೆ ಸಿದ್ಧಳಾಗಲಿ?
— ಓದುಗರು, ನ್ಯೂಜೆರ್ಸಿ

ಉತ್ತರ: ತಂಡ ಮುನ್ಸೂಚನೆಯಿಲ್ಲದೆ ಬರುತ್ತದೆ, ಒಂದು ತಪಾಸಣೆಗೂ ಮುಂದಿನದಕ್ಕೂ ನಡುವೆ 15 ತಿಂಗಳು ಮೀರಬಾರದೆಂಬುದು ನಿಯಮ. ಹಿಂದಿನ ವರದಿಯನ್ನು ಈ ವಾರವೇ ತೆಗೆದು ಓದಿ. ಕಂಡ ಕೊರತೆಗಳಿಗೆ ಎ ಯಿಂದ ಎಲ್ ವರೆಗೆ ಅಕ್ಷರ ಕೊಟ್ಟಿರುತ್ತಾರೆ. ಜೆ, ಕೆ, ಎಲ್ ಬಂದಿದ್ದರೆ ಜೀವಕ್ಕೆ ತಕ್ಷಣದ ಅಪಾಯವಿತ್ತು ಎಂದರ್ಥ. ಅಂದು ಸರಿಪಡಿಸುತ್ತೇವೆಂದು ಬರೆದುಕೊಟ್ಟದ್ದು ಇಂದು ವಾರ್ಡಿನಲ್ಲಿ ನಡೆಯುತ್ತಿದೆಯೇ ಎಂದು ಒಂದೊಂದಾಗಿ ನೋಡಿ.

ತಂಡದವರು ಕಡತಕ್ಕಿಂತ ಹೆಚ್ಚಾಗಿ ನಿವಾಸಿಗಳೊಡನೆ ಮಾತಾಡುತ್ತಾರೆ, ಕರೆಗಂಟೆಗೆ ಎಷ್ಟು ಹೊತ್ತಿಗೆ ಉತ್ತರ ಬರುತ್ತದೆಂದು ನಿಂತು ನೋಡುತ್ತಾರೆ, ಔಷಧಿ ಕೊಡುವ ನರ್ಸ್‌ನ ಬೆನ್ನ ಹಿಂದೆಯೇ ಇರುತ್ತಾರೆ. ನೀವೂ ವಾರಕ್ಕೊಮ್ಮೆ ಅದನ್ನೇ ಮಾಡಿ. ತಂಡ ಬಂದಾಗ ಕೇಳಿದ್ದಕ್ಕೆ ನಿಜ ಹೇಳಿ, ದಾಖಲೆ ಹಾಳೆಗಳಲ್ಲಿ ಹಳೆಯ ದಿನಾಂಕದ ಖಾಲಿ ಮನೆಗಳನ್ನು ತುಂಬಲು ಯಾರಿಗೂ ಬಿಡಬೇಡಿ. ಕೊರತೆಯ ಪಟ್ಟಿ ಕೈಸೇರಿದ ಮೇಲೆ ತಿದ್ದುಪಡಿ ಯೋಜನೆ ಸಲ್ಲಿಸಲು 10 ದಿನ ಸಿಗುತ್ತದೆ. ಅದರಲ್ಲಿ 'ಸಿಬ್ಬಂದಿಗೆ ಮತ್ತೆ ತರಬೇತಿ ನೀಡಲಾಗುವುದು' ಎಂಬ ಒಂದೇ ಸಾಲು ಬರೆದು ಸಹಾಯಕಿಯ ತಲೆಗೆ ಕಟ್ಟಬೇಡಿ. ಯಾರು, ಯಾವ ದಿನ, ಎಷ್ಟು ಮಂದಿಯ ಹಾಸಿಗೆಯ ಬಳಿ ನಿಂತು ಪರೀಕ್ಷಿಸುತ್ತಾರೆಂದು ಬರೆಯಿರಿ, ಮೊದಲ ತಿಂಗಳು ಆ ಪರೀಕ್ಷಿಸುವವರು ನೀವೇ ಆಗಿರಿ.