ಎಲೆಕ್ಟ್ರಾನ್ ಹೊರಟರೆ ಪ್ರೋಟಾನ್ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಬೆಳಕು ಬಿದ್ದಾಗ ಕ್ಲೋರೋಫಿಲ್‌ನಿಂದ ಎಲೆಕ್ಟ್ರಾನ್ ಹೊರಡುತ್ತದೆ ಅಂತ ಪಿಯುಸಿಯಲ್ಲೇ ಓದಿದ್ದೆ. ಈಗ ಎಲೆಯನ್ನು ನೋಡಿ ಮಾಡಿದ ಕೃತಕ ಅಣುಗಳ ಬಗ್ಗೆ ಓದಿದರೆ ಎಲ್ಲ ಕಡೆ ಪ್ರೋಟಾನ್ ಮಾತೇ ಇದೆ. ಕರೆಂಟ್ ಅಂದರೆ ಎಲೆಕ್ಟ್ರಾನ್ ತಾನೆ? ಪ್ರೋಟಾನ್ ಯಾಕೆ ಬೇಕು?
– ಒಬ್ಬ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬರೀ ಕರೆಂಟ್ ಬೇಕಿದ್ದರೆ ಎಲೆಕ್ಟ್ರಾನ್ ಸಾಕಿತ್ತು. ಆದರೆ ಎಲೆ ಮಾಡುತ್ತಿರುವುದು ನೀರನ್ನು ಒಡೆಯುವ ಕೆಲಸ ಅಲ್ವಾ? ಎರಡು ನೀರಿನ ಅಣುಗಳಿಂದ ಒಂದು ಆಮ್ಲಜನಕದ ಅಣು ಬರಬೇಕಾದರೆ 4 ಎಲೆಕ್ಟ್ರಾನ್ ಜೊತೆಗೆ 4 ಪ್ರೋಟಾನ್ (ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್) ಕೂಡ ಅಲ್ಲಿಂದ ಹೊರಡಬೇಕು. ಎಲೆಕ್ಟ್ರಾನ್ ಮಾತ್ರ ತೆಗೆಯುತ್ತಾ ಹೋದರೆ ಅಲ್ಲಿ ಧನ ವಿದ್ಯುದಂಶ ಕೂಡುತ್ತದೆ, ಮುಂದಿನ ಎಲೆಕ್ಟ್ರಾನ್ ತೆಗೆಯುವುದು ಇನ್ನೂ ಕಷ್ಟವಾಗುತ್ತದೆ.

ಎಲೆ ಇದನ್ನು ಹೇಗೆ ನಿಭಾಯಿಸುತ್ತದೆ ನೋಡಿ. ಫೋಟೋಸಿಸ್ಟಮ್ 2 ಎಂಬ ಪ್ರೋಟೀನ್ ಗುಂಪಿನಲ್ಲಿ ಪಿ680 ಅಂತ ಕ್ಲೋರೋಫಿಲ್ ಇದೆ. ಬೆಳಕಿನಿಂದ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಕೂಡಲೇ ಅದಕ್ಕೆ ಇನ್ನೊಂದು ಎಲೆಕ್ಟ್ರಾನ್ ಬೇಕೇ ಬೇಕು. ಆದರೆ ಅದು ನೇರವಾಗಿ ನೀರಿಗೆ ಕೈ ಹಾಕುವುದಿಲ್ಲ. ನಡುವೆ ಟೈರೋಸಿನ್ ಎಂಬ ಅಮೈನೋ ಆಮ್ಲ ಇದೆ, ಆ ಗುಂಪಿನ ಡಿ1 ಎಂಬ ಪ್ರೋಟೀನಿನ 161ನೇ ಜಾಗದಲ್ಲಿ. ಅದರ ಪಕ್ಕದಲ್ಲೇ, ಹೈಡ್ರೋಜನ್ ಬಂಧದ ಅಳತೆಯಲ್ಲಿ, 190ನೇ ಜಾಗದ ಹಿಸ್ಟಿಡಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಕೂತಿದೆ. ಈ ಜೋಡಿಯೇ ನಿಮ್ಮ ಪ್ರಶ್ನೆಗೆ ಉತ್ತರ.

ಟೈರೋಸಿನ್‌ನ ತುದಿ ಒಂದು ಫೀನಾಲ್ (ಬೆಂಜೀನ್ ಉಂಗುರಕ್ಕೆ OH ಅಂಟಿದ ರಚನೆ). ಸುಮ್ನೆ ಇದ್ದಾಗ ಅದರ ಪಿಕೆಎ (ಪ್ರೋಟಾನ್ ಮೇಲಿನ ಹಿಡಿತದ ಅಳತೆ, ಹೆಚ್ಚಿದ್ದಷ್ಟೂ ಹಿಡಿತ ಗಟ್ಟಿ) ಸುಮಾರು 10, ಅಂದರೆ ಪ್ರೋಟಾನನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಒಂದು ಎಲೆಕ್ಟ್ರಾನ್ ಹೋದರೆ ಅದೇ ಪಿಕೆಎ ಸೊನ್ನೆಗಿಂತ ಕೆಳಗೆ, ಸುಮಾರು –2ಕ್ಕೆ ಬಂದುಬಿಡುತ್ತದೆ. ಇನ್ನು ಪ್ರೋಟಾನ್ ಅಲ್ಲಿ ನಿಲ್ಲುವುದಿಲ್ಲ. ಎಲೆಕ್ಟ್ರಾನ್ ಮೊದಲು ಹೋಗಿ ಪ್ರೋಟಾನ್ ಆಮೇಲೆ ಹೋಗುವುದಾದರೆ ನಡುವಿನ ಸ್ಥಿತಿಗೆ ತುಂಬಾ ಶಕ್ತಿ ಬೇಕು. ಅದಕ್ಕೇ ಇಲ್ಲಿ ಎಲೆಕ್ಟ್ರಾನ್ ಆ ಕಡೆ ಪಿ680ಗೆ, ಪ್ರೋಟಾನ್ ಈ ಕಡೆ ಹಿಸ್ಟಿಡಿನ್‌ಗೆ, ಎರಡೂ ಒಟ್ಟಿಗೆ ಹೋಗುತ್ತವೆ. ಪ್ರೋಟಾನ್ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ, ದೂರ ಹಾರಲು ಆಗದು. ಪಕ್ಕದಲ್ಲೇ ಹಿಡಿಯುವವರು ಇರಬೇಕು.

ಈ ಜೋಡಿಯನ್ನೇ ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಆನಾ ಮೂರ್, ಥಾಮಸ್ ಮೂರ್, ಡೆವೆನ್ಸ್ ಗಸ್ಟ್ ಮತ್ತು ಅವರ ಜೊತೆಗಾರರು ಒಂದು ಸಣ್ಣ ಅಣುವಿನಲ್ಲಿ ಕಟ್ಟಿದರು. ಟೈರೋಸಿನ್ ಬದಲು ಫೀನಾಲ್, ಹಿಸ್ಟಿಡಿನ್ ಬದಲು ಬೆಂಜಿಮಿಡಜೋಲ್ (ಹಿಸ್ಟಿಡಿನ್‌ನಲ್ಲಿರುವ ಇಮಿಡಜೋಲ್ ಉಂಗುರ ಇದರೊಳಗೂ ಇದೆ), ಬೆಳಕು ಹಿಡಿಯಲು ಕ್ಲೋರೋಫಿಲ್ ಬದಲು ಅದರ ಹಾಗೆಯೇ ಉಂಗುರದ ರಚನೆಯಿರುವ ಪಾರ್ಫಿರಿನ್. 2012ರಲ್ಲಿ ಇದರ ವರದಿ ಬಂತು. ಬೆಳಕು ಬಿದ್ದಾಗ ಫೀನಾಲ್‌ನ ಎಲೆಕ್ಟ್ರಾನ್ ಪಾರ್ಫಿರಿನ್ ಕಡೆಗೆ, ಪ್ರೋಟಾನ್ ಬೆಂಜಿಮಿಡಜೋಲ್‌ನ ಸಾರಜನಕಕ್ಕೆ. ಸಾವಿರಾರು ಪರಮಾಣುಗಳ ಪ್ರೋಟೀನ್ ಮಾಡುವ ಒಂದು ಹೆಜ್ಜೆಯನ್ನು ಇಷ್ಟು ಚಿಕ್ಕ ಅಣುವಿನಲ್ಲಿ ಬಿಡಿಸಿ ನೋಡಬಹುದು ಅನ್ನುವುದೇ ನನಗೆ ಖುಷಿ ಕೊಡುವ ವಿಷಯ.

ಆಮೇಲೆ ಒಂದರ ಪಕ್ಕ ಒಂದು ಬೆಂಜಿಮಿಡಜೋಲ್ ಜೋಡಿಸಿ ಸಾಲು ಮಾಡಿದರು. ನಮ್ಮ ಕಡೆ ಮನೆಗೆ ಹೆಂಚು ಹೊದಿಸುವಾಗ ಏಣಿ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸುತ್ತಾರಲ್ಲ, ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಎಲ್ಲರ ಕೈಯಲ್ಲೂ ಮೊದಲೇ ಒಂದೊಂದು ಹೆಂಚಿದೆ. ಹಿಂದಿನವರು ಕೊಟ್ಟದ್ದನ್ನು ತೆಗೆದುಕೊಂಡು ತಮ್ಮದನ್ನು ಮುಂದಕ್ಕೆ ಕೊಡುತ್ತಾರೆ. ಯಾವ ಪ್ರೋಟಾನೂ ಪೂರ್ತಿ ದಾರಿ ನಡೆಯುವುದಿಲ್ಲ, ಆದರೂ ವಿದ್ಯುದಂಶ ಒಂದು ನ್ಯಾನೊಮೀಟರಿಗಿಂತ ಜಾಸ್ತಿ ದೂರ ಸಾಗುತ್ತದೆ. ಗ್ರಾಟಸ್ ಎಂಬ ವಿಜ್ಞಾನಿ ನೀರಿನ ವಿಷಯದಲ್ಲಿ 1806ರಲ್ಲೇ ಇಂಥ ದಾಟಿಸುವಿಕೆಯ ಮಾತು ಹೇಳಿದ್ದರು.

ಇದು ಪುಕ್ಕಟೆ ಅಲ್ಲ. ಸಾಲು ಉದ್ದವಾದಂತೆ ಎಲೆಕ್ಟ್ರಾನ್ ಕಳೆದುಕೊಂಡ ಫೀನಾಲ್‌ಗೆ ಮತ್ತೊಂದನ್ನು ಎಳೆದುಕೊಳ್ಳುವ ತಾಕತ್ತು ಕಮ್ಮಿಯಾಗುತ್ತದೆ. ತೀರಾ ಕಮ್ಮಿಯಾದರೆ ಅದರಿಂದ ನೀರಿನ ಕೆಲಸ ಆಗುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ: ಪ್ರೋಟಾನನ್ನು ದೂರ ಕಳಿಸಬೇಕು, ತಾಕತ್ತನ್ನೂ ಉಳಿಸಿಕೊಳ್ಳಬೇಕು.

ಪ್ರಶ್ನೆ: ಪ್ರೋಟಾನ್ ಕಣ್ಣಿಗೆ ಕಾಣುವುದಿಲ್ಲ. ಅದು ಜೊತೆಗೇ ಹೋಯಿತು ಅಂತ ಹೇಗೆ ಹೇಳುತ್ತಾರೆ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೇಷ್ಟ್ರೇ, ಸುಲಭದ ಉಪಾಯ ಒಂದಿದೆ. ಆ ಜಾಗದ ಹೈಡ್ರೋಜನ್ ಬದಲು ಎರಡು ಪಟ್ಟು ಭಾರದ ಡ್ಯೂಟೀರಿಯಂ ಇಟ್ಟು ಅದೇ ಪ್ರಯೋಗ ಮಾಡುವುದು. ವೇಗ ಇಳಿದರೆ, ಆ ಹೆಜ್ಜೆಯಲ್ಲಿ ಪ್ರೋಟಾನಿನ ಕೈವಾಡ ಇದೆ ಅಂತ ಅರ್ಥ. ಇನ್ನೊಂದು ದಾರಿ ಇನ್‌ಫ್ರಾರೆಡ್ ಬೆಳಕು. ಪ್ರೋಟಾನ್ ಬಂದು ಕೂತ ಬೆಂಜಿಮಿಡಜೋಲ್‌ನ ಕಂಪನ ಬೇರೆ, ಅದರ ಗುರುತು ಬೇರೆ ಜಾಗದಲ್ಲಿ ಕಾಣುತ್ತದೆ.

ಪ್ರಶ್ನೆ: ಇದರಿಂದ ಇಂಧನ ಯಾವಾಗ ಬರುತ್ತದೆ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಈ ಅಣುಗಳು ಇಂಧನ ಮಾಡುವುದಿಲ್ಲ, ನಡುವಿನ ಒಂದು ಹೆಜ್ಜೆಯನ್ನಷ್ಟೇ ಮಾಡುತ್ತವೆ. ನೀರು ಒಡೆಯುವ ವೇಗವರ್ಧಕವನ್ನು ಇವಕ್ಕೆ ಸರಿಯಾಗಿ ಜೋಡಿಸಬೇಕು. ಅದಕ್ಕಿಂತ ದೊಡ್ಡ ತೊಡಕು ಬಾಳಿಕೆಯದು. ಎಲೆಯಲ್ಲೇ ಜೋರು ಬಿಸಿಲಿಗೆ ಡಿ1 ಪ್ರೋಟೀನ್ ಸುಮಾರು ಅರ್ಧ ಗಂಟೆಯಲ್ಲಿ ಹಾಳಾಗುತ್ತದೆ. ಗಿಡ ಅದನ್ನು ತೆಗೆದು ಹೊಸದು ಹಾಕುತ್ತದೆ, ದಿನವಿಡೀ. ಪ್ರಯೋಗಾಲಯದ ಅಣುವಿಗೆ ಅಂಥ ರಿಪೇರಿ ಇಲ್ಲ.