ಟ್ರೇಲರ್ ಕಪಾಟಿನ ಅಂಚುಪಟ್ಟಿ ಪದೇ ಪದೇ ಕಿತ್ತು ಬರುತ್ತಿದೆ, ಏನು ಮಾಡಲಿ?

ಹಳೇ ಟ್ರಾವೆಲ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಮನೆ) ಕೊಂಡಿದ್ದೀರಿ, ಸಿಂಕ್ ಪಕ್ಕದ ಕಪಾಟಿನ ಅಂಚುಪಟ್ಟಿ, ಅಂದರೆ ಹಲಗೆಯ ಅಂಚು ಮುಚ್ಚುವ ಪ್ಲಾಸ್ಟಿಕ್ ಪಟ್ಟಿ, ಎದ್ದು ಬಂದಿದೆ, ಎರಡು ಸಲ ಸೂಪರ್ ಗ್ಲೂ ಹಾಕಿದರೂ ನಿಲ್ಲಲಿಲ್ಲ ಅಂತ ಕೇಳಿದ್ದೀರಿ. ನಾವಿರುವುದು ಅಮೆರಿಕದ ಅರಿಜೋನಾದಲ್ಲಿ. ನಮ್ಮ ಟ್ರೇಲರಿನಲ್ಲೂ ಇದೇ ಆಗಿತ್ತು. ನಾನು ಮೊದಲು ಅಂಟಿನ ಕಡ್ಡಿ ಕರಗಿಸುವ ಗ್ಲೂ ಗನ್‌ನಿಂದ ಅಂಟಿಸಿದೆ. ಚಳಿಗಾಲವೆಲ್ಲ ಚೆನ್ನಾಗಿಯೇ ಇತ್ತು. ಜುಲೈ ಬಂತು, ಅಂಟು ಮೆತ್ತಗಾಯಿತು, ಪಟ್ಟಿ ಮತ್ತೆ ಜೋತುಬಿತ್ತು.

ಮನೆಯ ಕಪಾಟಿಗಿಲ್ಲದ ಎರಡು ಕಷ್ಟ ಟ್ರೇಲರಿನ ಕಪಾಟಿಗೆ ಇವೆ. ಹೊರಗೆ 40 ಡಿಗ್ರಿ ಇದ್ದರೆ ಮುಚ್ಚಿಟ್ಟ ಟ್ರೇಲರಿನ ಒಳಗೆ ಇನ್ನೂ ಜಾಸ್ತಿ. ಅದರ ಮೇಲೆ ದಾರಿಯುದ್ದಕ್ಕೂ ಕುಲುಕಾಟ. ಗ್ಲೂ ಗನ್ ಅಂಟು ಬಿಸಿಗೆ ಸೋಲುತ್ತದೆ. ಸೂಪರ್ ಗ್ಲೂ ಗಾಜಿನ ಹಾಗೆ ಗಟ್ಟಿ, ಕುಲುಕಿದರೆ ಬಿರುಕು ಬಿಡುತ್ತದೆ.

ಅಂಟು ತರುವ ಮೊದಲು ಪಟ್ಟಿಯ ಹಿಂಬದಿ ನೋಡಿ. ಉದ್ದಕ್ಕೂ ಒಂದು ಏಣು, ಅದರ ಮೇಲೆ ಸಣ್ಣ ಹಲ್ಲುಗಳು ಇದ್ದರೆ ಅದು ಟಿ-ಮೋಲ್ಡಿಂಗ್. ಹಲಗೆಯ ಸೀಳಿನೊಳಗೆ ಆ ಏಣು ಕಚ್ಚಿಕೊಂಡು ಕೂರಬೇಕು. ಸೀಳಿನ ಪುಡಿ ಕೆದಕಿ ತೆಗೆಯಿರಿ, ಪಟ್ಟಿಯನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿ. ಸೀಳು ಸಡಿಲವಾಗಿದ್ದರೆ ಒಳಗೆ ಒಂದು ಎಳೆ ಪಾಲಿಯುರೆಥೇನ್ ಅಂಟು ಹಾಕಿ. ಹಳೇ ವಿನೈಲ್ ಕುಗ್ಗಿ ಒಂದು ಬೆರಳಷ್ಟು ಗಿಡ್ಡವಾಗಿದ್ದರೆ ಎಳೆದು ಕೂರಿಸಲು ಹೋಗಬೇಡಿ, ಹೊಸದೇ ತನ್ನಿ. ಹಲಗೆಯ ದಪ್ಪ, ಸೀಳಿನ ಅಗಲ ಎರಡನ್ನೂ ಅಳೆದುಕೊಂಡು ಹೋಗಿ.

ನಿಮ್ಮದು ಚಪ್ಪಟೆ ಪಟ್ಟಿಯಾದರೆ ಕಾಂಟ್ಯಾಕ್ಟ್ ಸಿಮೆಂಟ್ (ಎರಡೂ ಕಡೆ ಹಚ್ಚಿ, ಒಣಗಿದ ಮೇಲೆ ಒತ್ತುವ ಅಂಟು) ಬಿಟ್ಟು ಬೇರೇನೂ ಬೇಡ ಅಂತಲೇ ನಾನು ಹೇಳುತ್ತೇನೆ. ಭಾರತದಲ್ಲಿ ನಮ್ಮೂರಿನ ಬಡಗಿಗಳು ಮೈಕಾ ಅಂಟಿಸಲು ಬಳಸುವ ಫೆವಿಕಾಲ್ ಎಸ್‌ಆರ್ ಇದೇ ಜಾತಿಯದು. ಬಿಳಿ ಫೆವಿಕಾಲ್ ಪ್ಲಾಸ್ಟಿಕ್‌ಗೆ ಹಿಡಿಯುವುದಿಲ್ಲ. ಇಸ್ತ್ರಿಪೆಟ್ಟಿಗೆಯಿಂದ ಹಳೇ ಅಂಟನ್ನೇ ಮತ್ತೆ ಕರಗಿಸಬಹುದು, ಆದರೆ ಒಮ್ಮೆ ಬಿಸಿಲಿಗೆ ಬಿಟ್ಟ ಅಂಟು ಮತ್ತೊಮ್ಮೆ ಬಿಡುವುದಿಲ್ಲ ಅಂತ ಹೇಗೆ ನಂಬುವುದು?

ಹಲಗೆ, ಪಟ್ಟಿ ಎರಡರ ಹಳೇ ಅಂಟನ್ನೂ ಪೂರ್ತಿ ಕೆರೆಯಬೇಕು. ಬೇಸರದ ಕೆಲಸ, ನಿಜ. ಆದರೆ ನಿಮ್ಮ ಸೂಪರ್ ಗ್ಲೂ ಉಳಿದಿದ್ದರೆ ಹೊಸ ಅಂಟು ಅದರ ಮೇಲೆ ಕೂರುತ್ತದೆ, ಮರದ ಮೇಲಲ್ಲ. ಆಮೇಲೆ ರಬ್ಬಿಂಗ್ ಆಲ್ಕೋಹಾಲ್‌ನಿಂದ ಒರೆಸಿ. ಅಸಿಟೋನ್ ಬೇಡ, ಪಟ್ಟಿಯ ಮುಖ ಹಾಳಾಗುತ್ತದೆ. ಆಮೇಲೆ ಕಾಂಟ್ಯಾಕ್ಟ್ ಸಿಮೆಂಟ್ ಹಚ್ಚಿ. ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ ಹಲಗೆ) ಮೊದಲ ಕೋಟ್ ಕುಡಿದುಬಿಡುತ್ತದೆ, ಅದಕ್ಕೆ ಎರಡು ಕೋಟ್ ಹಾಕಿ. ಪಟ್ಟಿಗೆ ಒಂದು ಸಾಕು. ಹದಿನೈದು ನಿಮಿಷ ಸುಮ್ನೆ ಬಿಡಿ, ಅಥವಾ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು. ಮುಟ್ಟಿದರೆ ಬೆರಳಿಗೆ ಅಂಟಬಾರದು. ಒದ್ದೆ ಇರುವಾಗಲೇ ಒತ್ತಿದರೆ ಹಿಡಿತ ಬರುವುದಿಲ್ಲ.

ಒಮ್ಮೆ ತಾಗಿತೋ, ಜರುಗಿಸಲು ಆಗುವುದಿಲ್ಲ. ಅದಕ್ಕೆ ನಡುವೆ ಬೇಕಿಂಗ್ ಪೇಪರ್ ಇಟ್ಟು ಪಟ್ಟಿಯನ್ನು ನೇರ ಮಾಡಿಕೊಳ್ಳಿ. ಪೇಪರನ್ನು ಸ್ವಲ್ಪ ಸ್ವಲ್ಪ ಎಳೆಯುತ್ತಾ ಒಂದು ತುದಿಯಿಂದ ಒತ್ತುತ್ತಾ ಬನ್ನಿ. ಆಮೇಲೆ ಬಟ್ಟೆ ಸುತ್ತಿದ ಮರದ ತುಂಡಿನಿಂದ ಬಲವಾಗಿ ಉಜ್ಜಿ. ಈ ಅಂಟಿಗೆ ಮುಖ್ಯವಾದದ್ದು ಒತ್ತಡ.

ದಯವಿಟ್ಟು ಇದೊಂದನ್ನು ಮರೆಯಬೇಡಿ. ಕಾಂಟ್ಯಾಕ್ಟ್ ಸಿಮೆಂಟಿನ ಹಬೆಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಡಬ್ಬಿ ತೆರೆಯುವ ಮೊದಲೇ ಸಿಲಿಂಡರ್‌ನಲ್ಲೇ ಪ್ರೊಪೇನ್ ನಿಲ್ಲಿಸಿ. ಒಲೆ ಮಾತ್ರ ಅಲ್ಲ, ಗ್ಯಾಸಿನ ಫ್ರಿಜ್ಜು, ನೀರಿನ ಹೀಟರ್‌ನಲ್ಲೂ ಉರಿ ಇರುತ್ತದೆ. ಕಿಟಕಿ, ಬಾಗಿಲು ಎಲ್ಲ ತೆರೆದಿಡಿ, ಮಕ್ಕಳನ್ನು ಹೊರಗೆ ಕಳಿಸಿ.

ಸಿಂಕ್ ಪಕ್ಕ ಅಂದಿರಲ್ಲ, ಹಾಗಾಗಿ ಒಂದು ಅನುಮಾನ. ಹಲಗೆಯ ಅಂಚು ಊದಿಕೊಂಡಿದೆಯಾ, ಉಗುರಿನಿಂದ ಕೆರೆದರೆ ಉದುರುತ್ತಾ ನೋಡಿ. ಹಾಗಿದ್ದರೆ ಎಲ್ಲೋ ನೀರು ಸೋರುತ್ತಿದೆ. ಅದನ್ನು ನಿಲ್ಲಿಸಿ, ಹಲಗೆ ಪೂರ್ತಿ ಒಣಗಿದ ಮೇಲೆ ಮರದ ಅಂಟನ್ನು ನೀರಲ್ಲಿ ತೆಳ್ಳಗೆ ಮಾಡಿ ಕುಡಿಸಿ, ಕ್ಲ್ಯಾಂಪ್ ಹಾಕಿ ಒಂದು ದಿನ ಬಿಡಿ. ಪಟ್ಟಿಯ ಕೆಲಸ ಆಮೇಲೆ.

ಪಟ್ಟಿಯ ಹಿಂಬದಿಯ ಫೋಟೋ, ಹಲಗೆಯ ಅಂಚಿನ ಫೋಟೋ ಹಾಕಿ. ನಿಮ್ಮದು ಯಾವ ಥರದ್ದು ಅಂತ ನೋಡಿ ಹೇಳುತ್ತೇನೆ.