ಬ್ಯಾಕ್ ಟು ದಿ ಫ್ಯೂಚರ್ ಗೇಮ್ ಈಗ ಆಡಬಹುದಾ? ಸಿನಿಮಾ ಮೂರೂ ನೋಡಿದ್ದೇನೆ, ಆದ್ರೆ ಪಜಲ್ ಅಂದ್ರೆ ಭಯ. ಐದು ಎಪಿಸೋಡೂ ಆಡಲೇಬೇಕಾ?

ಧಾರಾಳವಾಗಿ ಆಡಿ. ಪಜಲ್‌ಗೆ ಹೆದರಬೇಡಿ, ಇದರಲ್ಲಿ ಪಜಲ್ ತೀರಾ ಸುಲಭ ಅನ್ನೋದೇ ಹಳೇ ಅಡ್ವೆಂಚರ್ ಗೇಮ್ ಆಡಿದವರ ದೂರು. ಇದನ್ನು ನಾಲ್ಕನೇ ಸಿನಿಮಾ ಅಂದುಕೊಂಡು ಕೂತರೆ ಮಜಾ ಬರುತ್ತದೆ. ತಲೆ ಕೆಡಿಸೋ ಒಗಟು ಬೇಕು ಅಂತ ಕೂತರೆ ನಿರಾಸೆ ಗ್ಯಾರಂಟಿ.

ಐದು ಎಪಿಸೋಡೂ ಆಡಲೇಬೇಕಾ ಅಂತ ಕೇಳಿದ್ದೀರಿ. ಹೌದು, ಅದೂ ಕ್ರಮವಾಗಿಯೇ. ಒಂದೇ ಕಥೆಯನ್ನು ಐದು ತುಂಡು ಮಾಡಿದ್ದಾರೆ, ಇನ್ನೇನು ಎಲ್ಲ ಸರಿಹೋಯ್ತು ಅನ್ನುವಾಗ ಏನೋ ಎಡವಟ್ಟಾಗಿ ಪ್ರತಿ ತುಂಡೂ ಮುಗಿಯುತ್ತದೆ. ಗೇಮ್ ಮಾಡಿದ ಟೆಲ್‌ಟೇಲ್ ಕಂಪನಿಯವರು ಇದನ್ನು 2010ರ ಡಿಸೆಂಬರ್‌ನಿಂದ 2011ರ ಜೂನ್‌ವರೆಗೆ ಒಂದೊಂದೇ ಬಿಟ್ಟರು. ಆಗಿನವರು ಕಾಯಬೇಕಿತ್ತು, ನಿಮಗೆ ಆ ಕಷ್ಟ ಇಲ್ಲ.

ಕಥೆ 1986ರ ಮೇ ತಿಂಗಳಲ್ಲಿ ಶುರು, ನೀವು ಆಡೋದು ಸಿನಿಮಾದ ಹೀರೋ ಮಾರ್ಟಿಯಾಗಿ. ಅವನ ಗೆಳೆಯ, ವಿಜ್ಞಾನಿ ಡಾಕ್ ನಾಪತ್ತೆ, ಮನೆ ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ದಾರೆ. ಅಷ್ಟರಲ್ಲಿ ಐನ್‌ಸ್ಟೈನ್ ನಾಯಿಯನ್ನು ಹೊತ್ತುಕೊಂಡು ಡಾಕ್‌ನ ಟೈಮ್ ಮೆಷಿನ್ ಕಾರು ಡೆಲೋರಿಯನ್ ಪ್ರತ್ಯಕ್ಷ! ಮೂರನೇ ಸಿನಿಮಾದಲ್ಲಿ ಆ ಕಾರು ಪುಡಿಯಾಗಿತ್ತಲ್ವಾ ಅಂತ ನೀವು ಕೇಳ್ತೀರಿ, ಅದಕ್ಕೂ ಗೇಮ್ ಒಳಗೇ ಉತ್ತರ ಇದೆ. ಡಾಕ್ ಸಿಕ್ಕಿಬಿದ್ದಿರೋದು 1931ರಲ್ಲಿ, ಅವರೂರು ಹಿಲ್ ವ್ಯಾಲಿಯ ಜೈಲಿನಲ್ಲಿ, ಅದೂ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅಂತ ಸುಳ್ಳು ಹೆಸರು ಕೊಟ್ಟು.

ಇಲ್ಲಿಂದ ಪಜಲ್ ಹೇಗೆ ಹೆಣೆದಿದ್ದಾರೆ ನೋಡಿ. ಜೈಲಿನಿಂದ ಬಿಡಿಸಲು ಒಂದು ರಾಕೆಟ್ ಡ್ರಿಲ್ ಬೇಕು. ಅದನ್ನು ಕಟ್ಟುತ್ತಿರುವವನು ಹದಿನೇಳರ ಹುಡುಗ ಎಮೆಟ್, ಅಂದರೆ ಹುಡುಗನಾಗಿದ್ದಾಗಿನ ಡಾಕೇ. ಅದಕ್ಕೆ ಇಂಧನ ಆಲ್ಕೋಹಾಲ್. ಆದ್ರೆ ಆಗ ಅಮೆರಿಕದಲ್ಲಿ ಪಾನನಿಷೇಧ, ಹಾಗಾಗಿ ಬಡವರಿಗೆ ಸೂಪ್ ಹಂಚೋ ನೆಪದಲ್ಲಿ ರೌಡಿ ಕಿಡ್ ಟ್ಯಾನನ್ ನಡೆಸೋ ಕಳ್ಳ ಬಾರ್‌ನ ಸಹವಾಸ ಮಾಡದೆ ಬೇರೆ ದಾರಿಯಿಲ್ಲ. ಜೈಲಿನ ಕಿಟಕಿಯಲ್ಲಿ ಮುದುಕ ಡಾಕ್ ಸಲಹೆ ಕೊಡುತ್ತಾನೆ, ಇತ್ತ ಅವನೇ ಹುಡುಗನಾಗಿ ಯಾರಿಗಾಗಿ ಇಷ್ಟೆಲ್ಲ ಅಂತ ಗೊತ್ತಿಲ್ಲದೆ ಕೆಲಸ ಮಾಡುತ್ತಿರುತ್ತಾನೆ. ಪಜಲ್ ಸಣ್ಣದು, ಆದ್ರೆ ಈ ತಮಾಷೆ ಬಿಡಿಸುವಾಗಲೂ ತಲೆಯಲ್ಲಿ ಓಡುತ್ತಿರುತ್ತದೆ.

ಎರಡನೇ ಎಪಿಸೋಡ್ ನನಗೆ ಬೋರ್ ಹೊಡೆಸಿತು, ಅದದೇ ಜಾಗಕ್ಕೆ ಸುಮ್ನೆ ಓಡಾಡಿಸುತ್ತಾರೆ. ಅಲ್ಲಿಗೇ ಬಿಟ್ಟುಬಿಡಬೇಡಿ ದಯವಿಟ್ಟು, ಯಾಕಂದ್ರೆ ಈ ಗೇಮ್ ಆಡಬೇಕಾದದ್ದೇ ಮೂರನೆಯದಕ್ಕಾಗಿ. 1986ಕ್ಕೆ ವಾಪಸ್ ಬಂದರೆ ಊರ ಸುತ್ತ ಗೋಡೆ ಎದ್ದಿದೆ, ಎಲ್ಲೆಲ್ಲೂ ಕಣ್ಗಾವಲು, ಆಳುತ್ತಿರುವವನು ನಮ್ಮ ಡಾಕೇ! ಅವನನ್ನು ನೇರವಾಗಿ ಭೇಟಿ ಮಾಡೋಕೆ ಬಿಡಲ್ಲ. ಚಿಕ್ಕಪುಟ್ಟ ತಪ್ಪಿಗೂ ಡಿಮೆರಿಟ್ (ತಪ್ಪಿನ ಅಂಕ) ಹಾಕೋ ಊರಲ್ಲಿ ನೀವು ಬೇಕಂತಲೇ ರೂಲ್ಸ್ ಮುರಿದು ಡಿಮೆರಿಟ್ ಗಿಟ್ಟಿಸಬೇಕು, ಆಗ ಅವರೇ ಹಿಡಿದು ಅವನ ಮುಂದೆ ನಿಲ್ಲಿಸುತ್ತಾರೆ. ಯಾವ ರೂಲ್ ಮುರಿಯೋದು, ಯಾರ ಕಣ್ಣಿಗೆ ಬೀಳೋ ಹಾಗೆ ಮುರಿಯೋದು ಅಂತ ಯೋಚಿಸೋದೇ ಪಜಲ್. ಜೊತೆಗೆ ಒಂದು ಗಿಟಾರ್ ಪೈಪೋಟಿಯೂ ಇದೆ. ನಾಲ್ಕನೆಯದು ಸ್ವಲ್ಪ ನಿಧಾನ, ಐದನೆಯದರ ಬಗ್ಗೆ ಏನೂ ಹೇಳಲ್ಲ, ಸಿನಿಮಾದಲ್ಲಿ ಮಾರ್ಟಿಯಾಗಿದ್ದ ಮೈಕಲ್ ಜೆ. ಫಾಕ್ಸ್ ಧ್ವನಿ ಅಲ್ಲಿ ಬರುತ್ತದೆ ಅನ್ನೋದು ಬಿಟ್ಟು.

ಮಿಕ್ಕ ಕಡೆ ಮಾರ್ಟಿಗೆ ಧ್ವನಿ ಕೊಟ್ಟವರು ಎ.ಜೆ. ಲೊಕಾಸಿಯೊ. ಕಣ್ಣು ಮುಚ್ಚಿ ಕೇಳಿದರೆ ಫಾಕ್ಸ್ ಅಲ್ಲ ಅಂದ್ರೆ ನಂಬಲ್ಲ. ಡಾಕ್‌ಗೆ ಸಿನಿಮಾದ ಕ್ರಿಸ್ಟೋಫರ್ ಲಾಯ್ಡ್ ಅವರೇ. ಸಿನಿಮಾಗಳನ್ನು ಬರೆದ ಬಾಬ್ ಗೇಲ್ ಕೂಡ ಕಥೆಗೆ ಕೈಜೋಡಿಸಿದ್ದಾರೆ, ಅದು ಮಾತುಗಳಲ್ಲಿ ಗೊತ್ತಾಗುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಟೆಲ್‌ಟೇಲ್ ಅಂದಕೂಡಲೇ ಅವರದೇ ವಾಕಿಂಗ್ ಡೆಡ್ ಗೇಮ್ ಥರ ನೀವು ಆರಿಸಿದ ಮಾತಿನಿಂದ ಕಥೆ ಬದಲಾಗುತ್ತದೆ ಅಂತ ಕಾಯಬೇಡಿ. ಅದು ಬಂದಿದ್ದು 2012ರಲ್ಲಿ, ಇದು ಅದಕ್ಕಿಂತ ಮುಂಚಿನದು. ಇಲ್ಲಿ ದಾರಿ ಒಂದೇ.

ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಯೂಟ್ಯೂಬ್ ತೆರೆಯಬೇಡಿ. ಮೊದಲು ಎಲ್ಲರನ್ನೂ ಇನ್ನೊಂದು ಸಲ ಮಾತಾಡಿಸಿ, ಒಂದು ಕೆಲಸ ಆದಮೇಲೆ ಅವರ ಮಾತು ಬದಲಾಗಿರುತ್ತದೆ. ಆಗಲೂ ಹೊಳೆಯಲಿಲ್ಲ ಅಂದ್ರೆ ಗೇಮ್‌ನಲ್ಲೇ ಹಿಂಟ್ ಇದೆ, ಒತ್ತಿದಷ್ಟೂ ಜಾಸ್ತಿ ಬಿಡಿಸಿ ಹೇಳುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, 1931ರ ರೌಡಿಗಳ ಆಡುಮಾತು ಒಂದೇ ಸಲಕ್ಕೆ ಕಿವಿಗೆ ಹತ್ತಲ್ಲ.

ಸಿಗೋದೇ ಈಗಿನ ತಲೆನೋವು. ಪಿಸಿ ಗೇಮ್ ಮಾರುವ ಸ್ಟೀಮ್‌ನಲ್ಲಿ ಮಾರಾಟದಿಂದ ತೆಗೆದುಬಿಟ್ಟಿದ್ದಾರೆ, ಮುಂಚೆ ಕೊಂಡವರ ಲೈಬ್ರರಿಯಲ್ಲಿ ಮಾತ್ರ ಉಳಿದಿದೆ. ಪಿಎಸ್4 (ಪ್ಲೇಸ್ಟೇಷನ್ 4) ಇದ್ದರೆ, ಸಿನಿಮಾಗೆ 30 ವರ್ಷ ತುಂಬಿದ್ದಕ್ಕೆ 2015ರಲ್ಲಿ ಬಂದ ಆವೃತ್ತಿಯ ಸೆಕೆಂಡ್ ಹ್ಯಾಂಡ್ ಡಿಸ್ಕ್ ಹುಡುಕಿ. ಮೊದಲ ಆವೃತ್ತಿಯಲ್ಲಿ ಸಿನಿಮಾದ ವಿಲನ್ ಬಿಫ್‌ಗೆ ಬೇರೆ ಯಾರೋ ಮಾತಾಡಿದ್ದರು, ಇದರಲ್ಲಿ ಸಿನಿಮಾದ ಟಾಮ್ ವಿಲ್ಸನ್ ಅವರೇ ಬಂದಿದ್ದಾರೆ.